ಕಡ್ಡಿಗೆ ಸಿಕ್ಕಿದ ‘ಗಿಲ್ಡಾ’! ಬಾರ್ಸಿಲೋನಾ ಮಾರ್ಕೆಟ್ಟಿನಲ್ಲಿ ಒಂದು ರುಚಿಯಾತ್ರೆ

ಅಭಿಮಾನಿಗಳು ತಮ್ಮ ನೆಚ್ಚಿನ ತಾರೆಯ ಹೆಸರನ್ನು ಎಲ್ಲೆಲ್ಲಿ ಇಡುವುದಿಲ್ಲ ಹೇಳಿ! ಹುಟ್ಟಿದ ಮಗುವಿಗೆ ಇಡುತ್ತಾರೆ. ಸೀರೆಗೆ, ಬಳೆಗೆ, ಸೆಲೂನಿಗೆ, ಆಟೋರಿಕ್ಷಾದ ಬೆನ್ನಿಗೆ ಇಡುತ್ತಾರೆ. ಆದರೆ ಕಡ್ಡಿಗೆ ಚುಚ್ಚಿದ ತಿಂಡಿಗೆ ಇಟ್ಟವರನ್ನು ಕಂಡಿದ್ದೀರಾ? ಸ್ಪೇನ್ ದೇಶದ ಜನ ಇಟ್ಟಿದ್ದಾರೆ ಸ್ವಾಮೀ!

1946ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ಗಿಲ್ಡಾ’. ನಾಯಕಿ ರೀಟಾ ಹೇವರ್ತ್. ಕಪ್ಪು ಗೌನು ತೊಟ್ಟು, ಹಾಡುತ್ತಾ ಹಾಡುತ್ತಾ ಉದ್ದನೆಯ ಕೈಗವಸನ್ನು ಮೆಲ್ಲಗೆ ಕಳಚುವ ಆ ಒಂದು ದೃಶ್ಯಕ್ಕೆ ಪಡ್ಡೆ ಹುಡುಗರಿರಲಿ, ಪಡ್ಡೆ ಮುದುಕರೂ ಉಸಿರು ಬಿಗಿಹಿಡಿದರು! ಜನರಲ್ ಫ್ರಾಂಕೋ ಆಳುತ್ತಿದ್ದ ಕಟ್ಟುನಿಟ್ಟಿನ ಸ್ಪೇನಿಗೆ ಆ ಚಿತ್ರ ಕಾಲಿಟ್ಟಾಗ ಪಾದ್ರಿಗಳು ಕೆಂಡವಾದರು. ಅವರು ಬೈದಷ್ಟೂ ಗಿಲ್ಡಾ ಮನೆಮಾತಾದಳು. ಆ ಕಾಲದಲ್ಲೇ ಉತ್ತರದ ಕಡಲತೀರದ ಸಾನ್ ಸೆಬಾಸ್ಟಿಯನ್ ಊರಿನ ಬಾರೊಂದರಲ್ಲಿ ಹೊಸ ತಿಂಡಿಯೊಂದು ಹುಟ್ಟಿತಂತೆ. ಒಂದು ಕಡ್ಡಿಗೆ ಒಂದು ಆಲಿವ್ ಕಾಯಿ, ಒಂದು ಆಂಚೋವಿ ಎಂಬ ಪುಟ್ಟ ಉಪ್ಪುಮೀನು, ಜೊತೆಗೆ ಉಪ್ಪಿನಕಾಯಿ ಹಾಕಿದ ಎಳೆಯ ಹಸಿಮೆಣಸು. ಇಷ್ಟೇ! ಹಸಿರಾಗಿದೆ, ಉಪ್ಪುಪ್ಪಾಗಿದೆ, ಸ್ವಲ್ಪ ಖಾರವಾಗಿದೆ... ಥೇಟ್ ಗಿಲ್ಡಾಳ ಹಾಗೆಯೇ ಎಂದರು ರಸಿಕರು. ಅವರ ಭಾಷೆಯಲ್ಲಿ ‘ಹಸಿರು’ ಎಂದರೆ ‘ಪೋಲಿ’ ಎಂಬ ಅರ್ಥವೂ ಉಂಟು! ಹೆಸರು ಅಂಟಿಕೊಂಡಿತು. ಇಂದಿಗೂ ಸ್ಪೇನಿನ ಬಾರುಗಳಲ್ಲಿ ‘ಒಂದು ಹಿಲ್ದಾ ಕೊಡಪ್ಪಾ’ ಎಂದರೆ ಈ ಕಡ್ಡಿ ನಿಮ್ಮ ಮುಂದೆ ಹಾಜರ್. (ಅಲ್ಲಿಯವರ ನಾಲಿಗೆಯಲ್ಲಿ ‘ಗಿಲ್ಡಾ’ ‘ಹಿಲ್ದಾ’ ಆಗುತ್ತಾಳೆ.)

ಇನ್ನೊಂದು ಗುಟ್ಟು ಹೇಳಲೇ? ರೀಟಾ ಹೇವರ್ತ್‌ಳ ನಿಜನಾಮ ಮಾರ್ಗರೀಟಾ ಕಾರ್ಮೆನ್ ಕಾನ್ಸಿನೊ. 1918ರಲ್ಲಿ ಹುಟ್ಟಿದ್ದು ನ್ಯೂಯಾರ್ಕಿನಲ್ಲಾದರೂ ಅಪ್ಪ ಎಡ್ವಾರ್ಡೊ ಕಾನ್ಸಿನೊ ಸ್ಪೇನಿನ ಸೆವಿಲ್ ಸೀಮೆಯ ನೃತ್ಯಗಾರ. ಅಂದರೆ ಹಾಲಿವುಡ್ ಕದ್ದೊಯ್ದ ತಮ್ಮ ಮನೆಮಗಳನ್ನು ಸ್ಪೇನಿನವರು ಕಡ್ಡಿಗೆ ಚುಚ್ಚಿ ವಾಪಸ್ ತೆಗೆದುಕೊಂಡರು ಅನ್ನಿ! ಅದೇ ಸಾನ್ ಸೆಬಾಸ್ಟಿಯನ್‌ನಲ್ಲಿ 1953ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವವೂ ನಡೆಯುತ್ತಿದೆ. ಸಿನಿಮಾ ಮತ್ತು ಊಟ ಆ ದೇಶದಲ್ಲಿ ಅಕ್ಕ-ತಂಗಿಯರು.

ಇಂಥ ದೇಶಕ್ಕೆ ಹೋದವರು ಈಗೀಗ ಅರಮನೆ, ಚರ್ಚು ನೋಡುವುದಕ್ಕಿಂತ ಮೊದಲು ಒಂದು ಕೆಲಸ ಮಾಡುತ್ತಾರೆ. ಗೈಡ್ ಒಬ್ಬಳನ್ನು ಹಿಡಿದು, ಹಳೆಯ ಮಾರ್ಕೆಟ್ಟಿಗೆ ನುಗ್ಗಿ, ಅಂಗಡಿಯಿಂದ ಅಂಗಡಿಗೆ ಒಂದೊಂದು ತುತ್ತು ತಿನ್ನುತ್ತಾ ಎರಡು ಮೂರು ಗಂಟೆ ಸುತ್ತುತ್ತಾರೆ. ಇದಕ್ಕೆ ‘ರುಚಿ ನೋಡುವ ಟೂರು’ ಎಂದು ಹೆಸರು. ಬನ್ನಿ, ಬಸ್ಸು ಬರುವುದರೊಳಗೆ ನಾವೂ ಒಂದು ಸುತ್ತು ಹೋಗಿ ಬರೋಣ. ಟಿಕೆಟ್ಟಿಲ್ಲ, ಪಾಸ್‌ಪೋರ್ಟಿಲ್ಲ, ಹೊಟ್ಟೆ ಕೆಡುವ ಭಯವಂತೂ ಇಲ್ಲವೇ ಇಲ್ಲ!

ಎಂಟುನೂರು ವರ್ಷದ ‘ಸೆಟ್ಟು’

ನಾವು ಹೋಗುತ್ತಿರುವುದು ಬಾರ್ಸಿಲೋನಾ ನಗರದ ಬೊಕೇರಿಯ ಮಾರ್ಕೆಟ್ಟಿಗೆ. ಊರಿನ ನಡುಮಧ್ಯೆ ಲಾ ರಾಂಬ್ಲಾ ಎಂಬ ಸಾಲುಮರದ ರಸ್ತೆ. ಹಿಂದೆ ಅದೊಂದು ಮರಳು ಹಳ್ಳ. ಅರಬ್ಬಿ ಭಾಷೆಯ ‘ರಮ್ಲ್’, ಅಂದರೆ ಮರಳು, ಎಂಬ ಮಾತಿನಿಂದಲೇ ಆ ಹೆಸರು ಬಂತು. ರಸ್ತೆಯ ನಡುವೆ ನೆಲದ ಮೇಲೆ ಜುವಾನ್ ಮಿರೋ ಎಂಬ ಮಹಾ ಚಿತ್ರಕಾರ 1976ರಲ್ಲಿ ಮಾಡಿಕೊಟ್ಟ ಬಣ್ಣದ ಚಿತ್ತಾರವಿದೆ. ಜನ ಅದರ ಮೇಲೇ ನಡೆದಾಡುತ್ತಾರೆ! ಪಕ್ಕದಲ್ಲೇ 1847ರ ಲಿಸೆಯು ಸಂಗೀತ ನಾಟಕಶಾಲೆ. ಅದು 1994ರಲ್ಲಿ ಬೆಂಕಿಗೆ ಆಹುತಿಯಾಗಿ, 1999ರಲ್ಲಿ ಮತ್ತೆ ಎದ್ದು ನಿಂತಿತು. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಬಣ್ಣದ ಗಾಜಿನ ಕಬ್ಬಿಣದ ಕಮಾನು. ಅದೇ ಬೊಕೇರಿಯ.

ಇಲ್ಲಿ ಊರ ಬಾಗಿಲ ಹೊರಗೆ ಮೇಜು ಹಾಕಿಕೊಂಡು ಮಾಂಸ ಮಾರುತ್ತಿದ್ದರೆಂಬ ಮಾತು 1217ರಷ್ಟು ಹಿಂದೆಯೇ ದಾಖಲಾಗಿದೆ. ‘ಬೊಕ್’ ಎಂದರೆ ಅವರ ಕತಲಾನ್ ಭಾಷೆಯಲ್ಲಿ ಹೋತ. ಹೋತದ ಮಾಂಸ ಮಾರುತ್ತಿದ್ದ ಜಾಗವಾದ್ದರಿಂದ ಬೊಕೇರಿಯ ಎನ್ನುವವರಿದ್ದಾರೆ. ಪಕ್ಕದಲ್ಲಿದ್ದ ಸೇಂಟ್ ಜೋಸೆಫ್ ಮಠ 1835ರ ಗಲಭೆಯಲ್ಲಿ ಸುಟ್ಟುಹೋಯಿತು. ಆ ಖಾಲಿ ಜಾಗದಲ್ಲೇ 1840ರ ಮಾರ್ಚ್ 19ರಂದು, ಸೇಂಟ್ ಜೋಸೆಫರ ಹಬ್ಬದ ದಿನ, ಈಗಿನ ಮಾರ್ಕೆಟ್ಟಿಗೆ ಅಡಿಗಲ್ಲು ಬಿತ್ತು. ಮೇಲಿನ ಲೋಹದ ಮಾಡು ಬಂದದ್ದು 1914ರಲ್ಲಿ. ಅಂದರೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೆತ್ತಿಯ ಮೇಲೆ ಆಕಾಶವೇ ಮಾಡು! ಈಗ ಒಳಗೆ ಇನ್ನೂರಕ್ಕೂ ಹೆಚ್ಚು ಮಳಿಗೆಗಳು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ರಾತ್ರಿ ಎಂಟೂವರೆಯವರೆಗೆ ವ್ಯಾಪಾರ. ಭಾನುವಾರ ರಜಾ.

ಗೈಡಮ್ಮ ಗುಂಪನ್ನು ಒಳಗೆ ಕರೆದೊಯ್ಯುವ ಮೊದಲು ಒಂದು ಮಾತು ಹೇಳಿಯೇ ಹೇಳುತ್ತಾಳೆ: ‘ಬಾಗಿಲಲ್ಲೇ ನಿಂತುಬಿಡಬೇಡಿ, ಒಳಗೆ ಹೋಗೋಣ!’ ಯಾಕೆ ಗೊತ್ತೇ? ಬಾಗಿಲ ಹತ್ತಿರದ ಅಂಗಡಿಗಳಲ್ಲಿ ಕಣ್ಣು ಕೋರೈಸುವ ಬಣ್ಣದ ಹಣ್ಣಿನ ರಸ, ಕತ್ತರಿಸಿಟ್ಟ ಹಣ್ಣು, ಕಾಗದದ ಪೊಟ್ಟಣದಲ್ಲಿ ತುಂಬಿಸಿಟ್ಟ ಮಾಂಸ. ಎಲ್ಲವೂ ನಮ್ಮಂಥ ಹೊಸಬರಿಗಾಗಿ ಹಚ್ಚಿದ ಮೇಕಪ್ಪು. ನಿಜವಾದ ಕಥೆ ನಡೆಯುವುದು ಒಳಮನೆಯಲ್ಲಿ.

ಹೀರೋ ಎಂಟ್ರಿ: ಹಾಮೋನ್!

ಮೊದಲ ಸ್ಟಾಪು ಹಂದಿತೊಡೆಯ ಅಂಗಡಿ. ಮೂಗು ಮುರಿಯಬೇಡಿ, ತಿನ್ನದವರು ನೋಡುವುದಕ್ಕೇನು ದೋಷ? ಸೂರಿನಿಂದ ಸಾಲುಸಾಲಾಗಿ ತೂಗುಬಿಟ್ಟ ತೊಡೆಗಳು, ಕಾಲಿಗೆ ಕಪ್ಪು ಗೊರಸು. ಇದು ‘ಹಾಮೋನ್’. ಇದನ್ನು ಬೇಯಿಸುವುದಿಲ್ಲ, ಹುರಿಯುವುದಿಲ್ಲ. ಉಪ್ಪಿನಲ್ಲಿ ಹೂತು, ತೊಳೆದು, ತಣ್ಣನೆಯ ಗಾಳಿಗೆ ತೂಗುಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಒಳ್ಳೆಯ ಮಾಲು ಮೂರು ವರ್ಷ, ಅದಕ್ಕೂ ಮೇಲೆ ಕಾಯುವುದುಂಟು. ನಮ್ಮ ಕೆಲವು ನಿರ್ಮಾಪಕರ ಚಿತ್ರಗಳ ಹಾಗೆ! ವ್ಯತ್ಯಾಸ ಇಷ್ಟೇ: ಇದು ಕಾದಷ್ಟೂ ರುಚಿಯಾಗುತ್ತದೆ.

ಎಲ್ಲ ತೊಡೆಯೂ ಒಂದೇ ದರ್ಜೆಯಲ್ಲ. 2014ರಲ್ಲಿ ಸರ್ಕಾರ ಕಾನೂನು ಮಾಡಿ, ಐಬೀರಿಯನ್ ಕಪ್ಪುಹಂದಿಯ ತೊಡೆಗೆ ನಾಲ್ಕು ಬಣ್ಣದ ಪಟ್ಟಿ ಕಡ್ಡಾಯ ಮಾಡಿತು. ಶುದ್ಧ ತಳಿಯ ಹಂದಿ, ಚಳಿಗಾಲದಲ್ಲಿ ಓಕ್ ತೋಪಿನಲ್ಲಿ ಬಿದ್ದ ಕಾಯಿ ಮೇಯ್ದು ಕೊಬ್ಬಿದ್ದರೆ ಕಪ್ಪು ಪಟ್ಟಿ. ಓಕ್ ಕಾಯಿ ಮೇಯ್ದಿದ್ದರೂ ತಳಿ ಬೆರಕೆಯಾಗಿದ್ದರೆ ಕೆಂಪು. ಬಯಲಲ್ಲಿ ಓಡಾಡಿಕೊಂಡು ದವಸ ತಿಂದದ್ದಕ್ಕೆ ಹಸಿರು. ದೊಡ್ಡಿಯಲ್ಲೇ ಕಟ್ಟಿ ಸಾಕಿದ್ದಕ್ಕೆ ಬಿಳಿ. ಗೈಡಮ್ಮ ಕಪ್ಪನ್ನೂ ಬಿಳಿಯನ್ನೂ ಅಕ್ಕಪಕ್ಕ ಇಟ್ಟು ತಿನ್ನಿಸುತ್ತಾಳೆ. ಉದ್ದನೆಯ ಬಳುಕುವ ಚಾಕುವಿನಲ್ಲಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳ್ಳಗೆ ಸೀಳಿ ಕೊಡುತ್ತಾರೆ. ಕಪ್ಪು ಪಟ್ಟಿಯದರ ಕೊಬ್ಬು ನಾಲಿಗೆಯ ಬಿಸಿಗೇ ಕರಗುತ್ತದೆ. ಬೆಲೆಯ ವ್ಯತ್ಯಾಸ ಯಾಕೆ ಎಂದು ಆಗ ಬಾಯಿಗೇ ಅರ್ಥವಾಗುತ್ತದೆ. ಟೂರಿಗೆ ದುಡ್ಡು ಕೊಟ್ಟದ್ದು ಸಾರ್ಥಕವಾಗುವುದು ಇಂಥ ಕಡೆ. ಇಲ್ಲದಿದ್ದರೆ ಬಾಗಿಲ ಬಳಿಯ ಪೊಟ್ಟಣವನ್ನೇ ಕಪ್ಪುಪಟ್ಟಿಯೆಂದು ಚಪ್ಪರಿಸಿ ಬರುತ್ತಿದ್ದೆವು!

ಅಂದ ಹಾಗೆ, ಈ ಹಾಮೋನ್ ಹೆಸರಿನದೇ ಒಂದು ಚಿತ್ರವಿದೆ. ಬಾರ್ಸಿಲೋನಾದವನೇ ಆದ ಬಿಗಾಸ್ ಲೂನಾ 1992ರಲ್ಲಿ ನಿರ್ದೇಶಿಸಿದ ‘ಹಾಮೋನ್ ಹಾಮೋನ್’. ಆಗಿನ್ನೂ ಹದಿಹರೆಯದ ಹುಡುಗಿ ಪೆನೆಲೋಪ್ ಕ್ರೂಜ್, ಜೊತೆಗೆ ಕಟ್ಟುಮಸ್ತಿನ ಯುವಕ ಹಾವಿಯರ್ ಬಾರ್ದೆಮ್. ಕ್ಲೈಮ್ಯಾಕ್ಸಿನಲ್ಲಿ ಫೈಟಿಂಗು ಕತ್ತಿಯಿಂದಲ್ಲ, ಗದೆಯಿಂದಲ್ಲ... ಹಂದಿತೊಡೆಯಿಂದ! ಹೊಡೆದಾಟ ಮುಗಿದು, ವರ್ಷಗಳು ಉರುಳಿ, 2010ರಲ್ಲಿ ಅವರಿಬ್ಬರೂ ನಿಜಜೀವನದಲ್ಲೂ ಸತಿಪತಿಗಳಾದರು. ಬಾರ್ದೆಮ್‌ಗೆ 2008ರಲ್ಲಿ ಆಸ್ಕರ್, ಕ್ರೂಜ್‌ಗೆ 2009ರಲ್ಲಿ ಆಸ್ಕರ್. ಆಕೆಗೆ ಆ ಪ್ರಶಸ್ತಿ ತಂದದ್ದು ಇದೇ ಊರಿನ ಹೆಸರು ಹೊತ್ತ ‘ವಿಕಿ ಕ್ರಿಸ್ಟಿನಾ ಬಾರ್ಸಿಲೋನಾ’. ಋಣಾನುಬಂಧ ಅಂದ್ರೆ ಇದೇ ಅಲ್ಲವೇನ್ರೀ?

ನಾಯಕಿ ಟೊಮ್ಯಾಟೊ!

ಎರಡನೆಯ ಸ್ಟಾಪಿನಲ್ಲಿ ತರಕಾರಿ. ಇಲ್ಲಿ ಕತಲಾನ್ ಜನರ ದಿನನಿತ್ಯದ ಪ್ರಸಾದ ಸಿಗುತ್ತದೆ: ಟೊಮ್ಯಾಟೊ ಬ್ರೆಡ್ಡು. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಹೋಳು ಮಾಡಿದ ಹಣ್ಣು ಟೊಮ್ಯಾಟೊ ತಿಕ್ಕಿ, ಮೇಲೆ ಆಲಿವ್ ಎಣ್ಣೆ, ಚಿಟಿಕೆ ಉಪ್ಪು. ಮುಗಿಯಿತು! ಒಲೆಯಿಲ್ಲ, ಒಗ್ಗರಣೆಯಿಲ್ಲ. ಆದರೂ ಇನ್ನೊಂದು ಬೇಕೆನಿಸುತ್ತದೆ. ಆಲಿವ್ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸುವ ದೇಶ ಸ್ಪೇನ್. ಎಣ್ಣೆ ಸುರಿಯುವಾಗ ಕೈ ಹಿಡಿಯುವುದೇ ಇಲ್ಲ ಅವರು.

ಟೊಮ್ಯಾಟೊ ಎಂದ ಕೂಡಲೇ ಚಿತ್ರಪ್ರೇಮಿಗಳಿಗೆ ಎರಡು ನೆನಪಾಗಬೇಕು. ಒಂದು, ಪೆದ್ರೋ ಅಲ್ಮೊದೋವರ್‌ನ 1988ರ ಚಿತ್ರ ‘ವಿಮೆನ್ ಆನ್ ದಿ ವರ್ಜ್ ಆಫ್ ಎ ನರ್ವಸ್ ಬ್ರೇಕ್‌ಡೌನ್’. ಅದರಲ್ಲಿ ಕೈಕೊಟ್ಟ ಪ್ರಿಯಕರನಿಗೆಂದು ನಾಯಕಿ ಕಾರ್ಮೆನ್ ಮೌರಾ ಗಸ್ಪಾಚೊ ಮಾಡಿ ಅದಕ್ಕೆ ನಿದ್ರೆಮಾತ್ರೆ ಬೆರೆಸುತ್ತಾಳೆ. ಕುಡಿಯುವವರು ಮಾತ್ರ ಬೇರೆಯವರೇ! ಮನೆಗೆ ಬಂದ ಪೊಲೀಸಪ್ಪಂದಿರೂ ಗೊರಕೆ! ಗಸ್ಪಾಚೊ ಎಂದರೆ ಬೆಂಕಿ ಕಾಣದ ತಣ್ಣನೆಯ ಸಾರು. ಟೊಮ್ಯಾಟೊ, ಸೌತೆಕಾಯಿ, ದೊಣ್ಣೆಮೆಣಸು, ಬೆಳ್ಳುಳ್ಳಿ, ಹಳಸಲು ಬ್ರೆಡ್ಡು, ವಿನಿಗರ್, ಎಣ್ಣೆ ಎಲ್ಲವನ್ನೂ ರುಬ್ಬಿ ಮಾಡುವುದು. ಬೇಸಿಗೆಯಲ್ಲಿ ಮಾರ್ಕೆಟ್ಟಿನಲ್ಲೇ ಲೋಟದಲ್ಲಿ ಕೊಡುತ್ತಾರೆ. (ನಿದ್ರೆಮಾತ್ರೆ ಇರುವುದಿಲ್ಲ, ಹೆದರಬೇಡಿ!)

ಎರಡನೆಯದು ನಮ್ಮವರದೇ. ಹೃತಿಕ್ ರೋಷನ್, ಫರ್ಹಾನ್ ಅಖ್ತರ್, ಅಭಯ್ ದೇವಲ್ ಟೊಮ್ಯಾಟೊದಲ್ಲಿ ಮಿಂದೆದ್ದ ‘ಜಿಂದಗಿ ನ ಮಿಲೇಗಿ ದೊಬಾರಾ’, 2011ರದು. ಬುನ್ಯೋಲ್ ಎಂಬ ಪುಟ್ಟ ಊರಿನಲ್ಲಿ ಆಗಸ್ಟ್ ತಿಂಗಳ ಕೊನೆಯ ಬುಧವಾರ ನಡೆಯುವ ಟೊಮ್ಯಾಟೊ ಎರಚಾಟವನ್ನು ಆ ಚಿತ್ರ ನಮ್ಮ ಮನೆಮನೆಗೆ ತಲುಪಿಸಿತು. ನಮ್ಮ ಬೆಂಗಳೂರಿನ ಹುಡುಗಿ, 2006ರಲ್ಲಿ ಉಪೇಂದ್ರ ಜೊತೆ ‘ಐಶ್ವರ್ಯ’ದಲ್ಲಿ ಮೊದಲು ಬಣ್ಣ ಹಚ್ಚಿದ ದೀಪಿಕಾ ಪಡುಕೋಣೆಯೂ 2023ರ ‘ಪಠಾಣ್’ ಚಿತ್ರಕ್ಕಾಗಿ ಸ್ಪೇನಿನ ಮಯೋರ್ಕಾ, ಕಾದಿಸ್, ಹೆರೆಸ್‌ಗಳಲ್ಲಿ ಕ್ಯಾಮೆರಾ ಎದುರಿಸಿ ಬಂದವಳೇ. ಆ ಹೆರೆಸ್ ಊರಿನಿಂದಲೇ ‘ಶೆರಿ’ ಮದ್ಯಕ್ಕೆ ಹೆಸರು ಬಂತು.

ಬ್ಯಾಡಗಿ ಮೆಣಸಿನಕಾಯಿಯ ದೂರದ ನಂಟ

ಮೂರನೆಯ ಸ್ಟಾಪು ಮಸಾಲೆ ಅಂಗಡಿ. ಕೆಂಪು ತಗಡಿನ ಡಬ್ಬಿಗಳ ರಾಶಿ. ಮುಚ್ಚಳ ತೆಗೆದರೆ ಸೌದೆ ಒಲೆಯ ಹೊಗೆಯ ಪರಿಮಳ. ಇದು ಪಿಮೆಂತೋನ್, ಅಂದರೆ ಅವರ ಮೆಣಸಿನಪುಡಿ. ಲಾ ವೇರಾ ಎಂಬ ಸೀಮೆಯಲ್ಲಿ ಕೆಂಪು ಮೆಣಸನ್ನು ಓಕ್ ಸೌದೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಪುಡಿ ಮಾಡುತ್ತಾರೆ. ಸಿಹಿ, ಹುಳಿಸಿಹಿ, ಖಾರ ಎಂದು ಮೂರು ಬಗೆ. ‘ಖಾರ’ವೆಂದು ಕೊಟ್ಟದ್ದನ್ನು ನಾಲಿಗೆಗಿಟ್ಟರೆ ನಮ್ಮ ಉತ್ತರ ಕರ್ನಾಟಕದ ಮಂದಿ ‘ಇದೇನ್ರೀ ಕುಂಕುಮ ಕೊಟ್ರಿ?’ ಎಂದು ಕೇಳುವುದು ಖಂಡಿತ!

ನಗಬೇಡಿ, ಇದೂ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಒಂದೇ ಕುಲದ ಕೂಸುಗಳು. ಕೊಲಂಬಸ್ ಅಮೆರಿಕದ ದಾರಿ ಹಿಡಿಯುವ ಮುಂಚೆ ಯುರೋಪಿನಲ್ಲಿ ಮೆಣಸಿನಕಾಯಿಯೂ ಇರಲಿಲ್ಲ, ಟೊಮ್ಯಾಟೊವೂ ಇರಲಿಲ್ಲ, ಆಲೂಗಡ್ಡೆಯೂ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ. ಸ್ಪೇನಿನವರು ಹಡಗಿನಲ್ಲಿ ತಂದರು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ತೀರಕ್ಕೂ ಬಂತು. ಬ್ಯಾಡಗಿಯೂ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಅದರ ರಸ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ ಎಂದ ಮೇಲೆ ಸಿನಿಮಾ ನಂಟು ತಾನೇ ತಾನಾಗಿ ಬಂತಲ್ಲ!

ಪಕ್ಕದಲ್ಲೇ ಪುಟ್ಟ ಗಾಜಿನ ಡಬ್ಬಿಯಲ್ಲಿ ಲಾ ಮಾಂಚಾದ ಕೇಸರಿ. ಒಂದು ಗ್ರಾಂ ಒಣಕೇಸರಿಗೆ ಸುಮಾರು ನೂರೈವತ್ತು ಹೂವು ಬಿಡಿಸಬೇಕು, ಅದೂ ಕೈಯಲ್ಲೇ. ಹೂ ಬಿಡುವುದು ಅಕ್ಟೋಬರ್ ಕೊನೆಯ ಆಸುಪಾಸಿನ ಕೆಲವೇ ದಿನ. ಅಗ್ಗಕ್ಕೆ ಕೇಸರಿ ಕೊಡುತ್ತೇನೆಂದು ಯಾರಾದರೂ ಕರೆದರೆ ಹಿಂದಿರುಗಿ ನೋಡದೆ ನಡೆಯಿರಿ.

ಸೊಪ್ಪುಸದೆ ತಿನ್ನುವವರ ಪಾಡೇನು?

ಓದುಗರಲ್ಲಿ ಅರ್ಧಕ್ಕರ್ಧ ಮಂದಿ ಈಗಾಗಲೇ ಈ ಪ್ರಶ್ನೆ ಕೇಳುತ್ತಿದ್ದೀರಿ, ಗೊತ್ತು! ಉಪವಾಸವೇನೂ ಬೀಳಬೇಕಾಗಿಲ್ಲ. ಆದರೆ ಹುಷಾರಾಗಿರಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ಹಾಕಿ ಕೊಟ್ಟಾರು, ಹಾಮೋನ್ ಚೂರು ಉದುರಿಸಿ ಕೊಟ್ಟಾರು. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ! ‘ಮಾಂಸವೂ ಬೇಡ, ಮೀನೂ ಬೇಡ, ಹಾಮೋನೂ ಬೇಡ’ ಎಂದು ಮೂರನ್ನೂ ಬಿಡಿಸಿ ಹೇಳಬೇಕು. ಕೆಲವು ಬನ್ನು-ಬಿಸ್ಕತ್ತಿಗೆ ಹಂದಿಕೊಬ್ಬು ಹಾಕುತ್ತಾರೆ. ಮಾಂಚೇಗೊ ಗಿಣ್ಣ ಕುರಿಹಾಲಿನದಾದರೂ ಹಾಲು ಒಡೆಸುವುದಕ್ಕೆ ಪ್ರಾಣಿಯ ಹೊಟ್ಟೆಯ ಪದಾರ್ಥ ಬಳಸುವುದು ಹಳೆಯ ಪದ್ಧತಿ. ಕಟ್ಟಾ ವ್ರತದವರು ಕೇಳಿ ತಿನ್ನಿ.

ಉಳಿದಂತೆ ಹಬ್ಬವೇ ಹಬ್ಬ. ಟೊಮ್ಯಾಟೊ ಬ್ರೆಡ್ಡು ಸರಿ. ಹತ್ತಾರು ಬಗೆಯ ಆಲಿವ್ ಕಾಯಿ ಸರಿ. ಗಲೀಶಿಯಾ ಸೀಮೆಯ ಪಾದ್ರೋನ್ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸಿ ಕೊಡುತ್ತಾರೆ. ಹೆಚ್ಚಿನವು ಸಪ್ಪೆ, ನಡುವೆ ಎಲ್ಲೋ ಒಂದು ಕಣ್ಣಲ್ಲಿ ನೀರು ತರಿಸುತ್ತದೆ. ಯಾವುದು ಎಂದು ಕಚ್ಚುವವರೆಗೆ ಯಾರಿಗೂ ತಿಳಿಯದು, ಸಸ್ಪೆನ್ಸ್ ಚಿತ್ರದ ಹಾಗೆ! ಬದನೆಕಾಯಿ, ದೊಣ್ಣೆಮೆಣಸು ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದ ‘ಎಸ್ಕಲಿವಾದಾ’ ತಿಂದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು ನೆನಪಾಗದೆ ಇರದು. ಬಾದಾಮಿ, ಜೇನು ಸೇರಿಸಿ ಮಾಡುವ ‘ತುರೋನ್’ ನಮ್ಮ ಚಿಕ್ಕಿಯ ಶ್ರೀಮಂತ ಸೋದರ. (ಅದಕ್ಕೆ ಮೊಟ್ಟೆಯ ಬಿಳಿ ಸೇರುತ್ತದೆ, ಗಮನಿಸಿ.) ಕುಡಿಯಲು ವೆಲೆನ್ಸಿಯಾದ ‘ಒರ್ಚಾತಾ’. ನೆಲದೊಳಗೆ ಬೆಳೆಯುವ ಪುಟ್ಟ ಗಡ್ಡೆಯನ್ನು ನೆನೆಸಿ, ಅರೆದು, ಹಿಂಡಿ ತೆಗೆದ ಸಿಹಿಹಾಲು. ಹಸುವಿನ ಹನಿಹಾಲೂ ಅದರಲ್ಲಿಲ್ಲ.

ಶರತ್ಕಾಲದಲ್ಲಿ ಹೋದರೆ ಕಲಾಂದಾ ಎಂಬ ಊರಿನ ಹಳದಿ ಪೀಚ್ ಹಣ್ಣು ಬರುತ್ತದೆ. ಮರದಲ್ಲಿದ್ದಾಗಲೇ ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟಿ ಬೆಳೆಸುತ್ತಾರೆ. ಅದೇ ಕಲಾಂದಾದಲ್ಲಿ 1900ರಲ್ಲಿ ಹುಟ್ಟಿದವನು ಮಹಾನ್ ನಿರ್ದೇಶಕ ಲೂಯಿ ಬುನ್ಯುಯೆಲ್. ಅವನ 1972ರ ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ’ ಚಿತ್ರದ ಕಥೆಯೇನು ಗೊತ್ತೇ? ಶ್ರೀಮಂತರ ಗುಂಪೊಂದು ಊಟಕ್ಕೆ ಕೂರುತ್ತದೆ. ಪ್ರತಿಸಲವೂ ಏನಾದರೊಂದು ಅಡ್ಡಿ. ತುತ್ತು ಬಾಯಿಗೆ ಬರುವುದೇ ಇಲ್ಲ! ಆ ಚಿತ್ರಕ್ಕೆ ಆಸ್ಕರ್ ಬಂತು.

ಮೀನಮ್ಮಂದಿರ ದರ್ಬಾರು

ಮಾರ್ಕೆಟ್ಟಿನ ಹೊಕ್ಕುಳಲ್ಲಿ ವೃತ್ತಾಕಾರವಾಗಿ ಮೀನಿನ ಅಂಗಡಿಗಳು. ಮಂಜುಗಡ್ಡೆಯ ರಾಶಿಯ ಹಿಂದೆ ನಿಂತವರು ಹೆಚ್ಚಿನವರು ಹೆಂಗಸರೇ. ಕಿವಿಯಲ್ಲಿ ಓಲೆ, ತಿದ್ದಿ ತೀಡಿದ ಕೂದಲು, ಕೈಯಲ್ಲಿ ಮಚ್ಚು! ಮಂಗಳೂರಿನ ಮೀನಂಗಡಿಯ ಅಕ್ಕಂದಿರನ್ನು ಕಂಡವರಿಗೆ ಈ ಗತ್ತು ಹೊಸದಲ್ಲ. ನಾವು ಬೊಂಡಾಸ್ ಎನ್ನುವುದು, ಸೀಗಡಿ, ಮರುವಾಯಿ ಎಲ್ಲವೂ ಇವೆ. ಜೊತೆಗೆ ನಾವು ಕಾಣದ ಒಂದು ವಿಚಿತ್ರ: ಆನೆಯ ಕಾಲುಗುರಿನಂತೆ ಕಾಣುವ ‘ಪೆರ್ಸೆಬೆಸ್’. ಗಲೀಶಿಯಾದ ಕಡಲಬಂಡೆಗಳಿಗೆ ಅಂಟಿ ಬೆಳೆಯುವ ಜೀವಿ. ಅಲೆ ಬಂದು ಬಡಿಯುವ ಮೊದಲು ಹಗ್ಗ ಕಟ್ಟಿಕೊಂಡು ಇಳಿದು ಕೆತ್ತಿ ತರಬೇಕು. ಆ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಕ್ರಿಸ್‌ಮಸ್ ಸಮಯದಲ್ಲಿ ಕಿಲೋಗೆ ನೂರು ಯೂರೋ ದಾಟುವುದೂ ಉಂಟು.

ಒಂದು ಉಪಯೋಗದ ಮಾತು: ಸೋಮವಾರ ಮೀನು ತಿನ್ನುವ ಆಸೆಯಿಂದ ಹೋಗಬೇಡಿ. ಭಾನುವಾರ ದೋಣಿ ಕಡಲಿಗಿಳಿಯುವುದಿಲ್ಲ, ಸೋಮವಾರ ಹೆಚ್ಚಿನ ಮೀನಂಗಡಿಗಳಿಗೆ ಬೀಗ. ಮೀನಿನ ತಿನಿಸು ಬೇಕಾದರೆ ಒಳಗೇ ಇರುವ ಬಾರುಗಳ ಎತ್ತರದ ಸ್ಟೂಲಿನಲ್ಲಿ ಕೂರಬೇಕು. ‘ಎಲ್ ಕಿಮ್’ ಎಂಬಲ್ಲಿ ಎಣ್ಣೆಯಲ್ಲಿ ಕರಿದ ಮೊಟ್ಟೆಯ ಮೇಲೆ ಮರಿ ಬೊಂಡಾಸ್ ಸುರಿದು ಕೊಡುವುದು ಹೆಸರುವಾಸಿ.

ಹಾಗಾದರೆ ವಿಲನ್ ಯಾರು?

ಇಷ್ಟು ಹೊತ್ತು ನಗುನಗುತ್ತಾ ತಿಂದೆವು. ಈಗ ಸ್ವಲ್ಪ ಗಂಭೀರ ದೃಶ್ಯ.

ಆ ಮೀನಮ್ಮನ ಮುಖವನ್ನು ಇನ್ನೊಮ್ಮೆ ನೋಡಿ. ಅವಳ ಅಂಗಡಿಯ ಮುಂದೆ ಹನ್ನೆರಡು ಜನರ ಗುಂಪು ನಿಂತಿದೆ. ಹನ್ನೆರಡು ಕ್ಯಾಮೆರಾ. ಅವರ ಹಿಂದೆ ಕೈಯಲ್ಲಿ ತಳ್ಳುಚೀಲ ಹಿಡಿದ ಒಬ್ಬ ಅಜ್ಜಿ, ಅರ್ಧ ಕಿಲೋ ಮೀನಿಗೆ ಬಂದವಳು. ಮುಂದೆ ಬರಲು ಜಾಗವಿಲ್ಲ. ಐದು ನಿಮಿಷ ಕಾದಳು. ವಾಪಸ್ ಹೋದಳು. ಗುಂಪೂ ಫೋಟೋ ಹೊಡೆದುಕೊಂಡು ಮುಂದೆ ಹೋಯಿತು. ಮೀನಮ್ಮನ ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಷ್ಟು? ಸೊನ್ನೆ! ಹೋಟೆಲ್ ರೂಮಿನಲ್ಲಿ ಇಳಿದವರು ಹಸಿಮೀನು ಕೊಂಡು ಏನು ಮಾಡಿಯಾರು ಪಾಪ? ಹಸಿ ಕೋಳಿ, ಹಸಿ ಸೊಪ್ಪು, ನೆನೆಹಾಕಿದ ಉಪ್ಪುಮೀನು ಮಾರುವವರ ಕಥೆಯೂ ಇದೇ. ಅಜ್ಜಿ ಇನ್ನೊಂದು ದಿನವೂ ಬಂದು ಹೀಗೇ ಹಿಂದಿರುಗಿದರೆ ಮೂರನೇ ದಿನ ಬರುವುದಿಲ್ಲ. ಅಜ್ಜಿ ಬರದಿದ್ದರೆ ಮೀನಮ್ಮನಿಗೆ ಉಳಿಯುವ ದಾರಿ ಎರಡೇ: ಅಂಗಡಿ ಮುಚ್ಚುವುದು, ಇಲ್ಲವೇ ಮೀನು ಬಿಟ್ಟು ಬಣ್ಣದ ಜ್ಯೂಸು ಮಾರುವುದು.

ಈ ಹೆದರಿಕೆ ಕಟ್ಟುಕಥೆಯಲ್ಲ. 2015ರಲ್ಲಿ ನಗರಸಭೆಯೇ ಆಜ್ಞೆ ಹೊರಡಿಸಿತು: ಶುಕ್ರವಾರ, ಶನಿವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಹದಿನೈದಕ್ಕಿಂತ ದೊಡ್ಡ ಪ್ರವಾಸಿ ಗುಂಪು ಬೊಕೇರಿಯದೊಳಗೆ ಬರಕೂಡದು! ಆ ಎರಡು ದಿನ ಊರಿನವರು ವಾರದ ಸಾಮಾನು ಕೊಳ್ಳುವ ದಿನ. ದಶಕಗಳ ಕಾಲ ಬೊಕೇರಿಯದ ಬಾಗಿಲಲ್ಲೇ ಇದ್ದು, ಕಡಲೆಕಾಳಿನ ಪಲ್ಯಕ್ಕೆ ಹೆಸರಾಗಿದ್ದ ‘ಪಿನೋಚೊ’ ಬಾರು 2023ರಲ್ಲಿ ಸಾಂತ್ ಆಂತೋನಿ ಮಾರ್ಕೆಟ್ಟಿಗೆ ಎದ್ದುಹೋಯಿತು. 2024ರ ಜುಲೈನಲ್ಲಂತೂ ಬಾರ್ಸಿಲೋನಾದ ಜನ ಬೀದಿಗಿಳಿದು, ಹೊರಗೆ ಕೂತು ಊಟ ಮಾಡುತ್ತಿದ್ದ ಪ್ರವಾಸಿಗಳ ಮೇಲೆ ಆಟದ ಪಿಸ್ತೂಲಿನಿಂದ ನೀರು ಚಿಮ್ಮಿಸಿ ‘ಮನೆಗೆ ಹೋಗಿ’ ಎಂದು ಕೂಗಿದರು. ಟೊಮ್ಯಾಟೊ ಎರಚಾಟದ ಬುನ್ಯೋಲ್‌ಗೂ ಜನ ತಡೆಯಲಾರದಷ್ಟು ಬಂದು, 2013ರಿಂದ ಟಿಕೆಟ್ ಪದ್ಧತಿ ತಂದು ಸುಮಾರು ಇಪ್ಪತ್ತು ಸಾವಿರಕ್ಕೆ ಮಿತಿ ಹಾಕಿದರು. ತೆರೆಯ ಮೇಲೆ ನೋಡಿ ಮೆಚ್ಚಿದ ಜಾಗಕ್ಕೆ ನಾವೆಲ್ಲ ಒಟ್ಟಿಗೆ ನುಗ್ಗಿದರೆ ಆ ಜಾಗವೇ ಉಳಿಯುವುದಿಲ್ಲವಲ್ಲ!

ಹಾಗೆಂದು ಪ್ರವಾಸಿಯೇ ವಿಲನ್, ಗೈಡೇ ವಿಲನ್ ಎಂದು ಡೈಲಾಗ್ ಹೊಡೆದು ಮುಗಿಸುವಷ್ಟು ಸುಲಭವೂ ಅಲ್ಲ. ಒಳ್ಳೆಯ ಗೈಡು ಗುಂಪನ್ನು ಚಿಕ್ಕದಾಗಿಡುತ್ತಾಳೆ. ಪ್ರತಿ ಅಂಗಡಿಯಲ್ಲೂ ದುಡ್ಡು ಕೊಟ್ಟೇ ತಿನ್ನಿಸುತ್ತಾಳೆ. ಊರಿನ ಗಿರಾಕಿ ಬಂದರೆ ‘ದಾರಿ ಬಿಡಿ’ ಎಂದು ಗುಂಪನ್ನು ಪಕ್ಕಕ್ಕೆ ಸರಿಸುತ್ತಾಳೆ. ಮನೆಗೆ ಒಯ್ಯಬಹುದಾದ ಪಿಮೆಂತೋನ್, ಕೇಸರಿ, ಬಾದಾಮಿ ಕೊಳ್ಳಿರೆಂದು ಚೀಟಿ ಬರೆದುಕೊಡುತ್ತಾಳೆ. ಕೆಟ್ಟ ಗೈಡು ಇಪ್ಪತ್ತೈದು ಜನರನ್ನು ತಂದು, ಬಾಗಿಲಲ್ಲಿ ನಿಲ್ಲಿಸಿ, ಬಾವುಟ ಅಲ್ಲಾಡಿಸಿ, ಹತ್ತು ನಿಮಿಷದಲ್ಲಿ ಹೊರಗೆ ಅಟ್ಟುತ್ತಾನೆ. ಟಿಕೆಟ್ ಕೊಳ್ಳುವ ಮೊದಲು ‘ಗುಂಪಿನಲ್ಲಿ ಎಷ್ಟು ಜನ? ಅಂಗಡಿಯವರಿಗೆ ನೀವೇ ಹಣ ಕೊಡ್ತೀರಾ?’ ಎಂದು ಎರಡೇ ಪ್ರಶ್ನೆ ಕೇಳಿ. ಉತ್ತರದಲ್ಲೇ ಗೈಡಿನ ಜಾತಕ ತಿಳಿದುಹೋಗುತ್ತದೆ.

ಇನ್ನೊಂದು ದಾರಿಯೂ ಉಂಟು. ಬಾರ್ಸಿಲೋನಾದಲ್ಲಿ ಬೊಕೇರಿಯ ಒಂದೇ ಅಲ್ಲ, ನಗರಸಭೆಯ ಮಾರ್ಕೆಟ್ಟುಗಳು ಹೆಚ್ಚುಕಡಿಮೆ ನಲವತ್ತಿವೆ. ಹತ್ತು ಹನ್ನೆರಡು ನಿಮಿಷ ನಡೆದರೆ ಸಾಂತಾ ಕತೆರಿನಾ. 1848ರ ಹಳೆಯ ಮಾರ್ಕೆಟ್ಟಿಗೆ 2005ರಲ್ಲಿ ಹೊಸ ಅಲೆಅಲೆಯ ಮಾಡು ಹೊದಿಸಿದರು. ಮೂರು ಲಕ್ಷಕ್ಕೂ ಮಿಕ್ಕಿದ ಬಣ್ಣದ ಹೆಂಚು, ಮೇಲಿಂದ ನೋಡಿದರೆ ಹಣ್ಣುತರಕಾ­ರಿ ಹರಡಿದ ಕಂಬಳಿ! ಅದರ ಕನಸು ಕಂಡ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ 2000ದಲ್ಲೇ ತೀರಿಕೊಂಡ. ಹೆಂಡತಿ ಬೆನೆದೆತಾ ತಾಲ್ಯಾಬ್ಯೂ ಕೆಲಸ ಮುಗಿಸಿದಳು. ಇನ್ನು 1882ರ ಸಾಂತ್ ಆಂತೋನಿ, ವರ್ಷಗಟ್ಟಲೆ ರಿಪೇರಿಯಾಗಿ 2018ರಲ್ಲಿ ಮತ್ತೆ ತೆರೆಯಿತು. ಭಾನುವಾರ ಅದರ ಸುತ್ತ ಹಳೆಯ ಪುಸ್ತಕದ ಸಂತೆ. ಹಳೆಯ ಸಿನಿಮಾ ಪೋಸ್ಟರು, ಪತ್ರಿಕೆಗಳೂ ಅಲ್ಲಿ ಮಾರಾಟಕ್ಕುಂಟು! ನಮ್ಮಂಥ ಪತ್ರಿಕೆಯನ್ನು ಓದಿ ಮುಗಿಸಿ ಸೀಟಿನ ಕೆಳಗೆ ಬಿಸಾಡುವವರು ಇದನ್ನು ಗಮನಿಸಬೇಕಾಗಿ ಪ್ರಾರ್ಥನೆ.

ಕೊನೆಯ ರೀಲು

ಅಲ್ಮೊದೋವರ್‌ನ 2006ರ ‘ವೋಲ್ವೆರ್’ ಚಿತ್ರದ ಆರು ನಟಿಯರಿಗೂ ಸೇರಿಸಿ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟರು. ಅದರಲ್ಲಿ ಪೆನೆಲೋಪ್ ಕ್ರೂಜ್ ಬಡ ಬಡಾವಣೆಯ ಗಟ್ಟಿಗಿತ್ತಿ ರಾಯ್ಮುಂದಾ. ಪಕ್ಕದ ಮುಚ್ಚಿದ ಹೋಟೆಲಿನ ಬೀಗದ ಕೈ ಅವಳ ಹತ್ತಿರ. ಊರಿಗೆ ಶೂಟಿಂಗಿಗೆ ಬಂದ ಸಿನಿಮಾ ತಂಡದ ಮೂವತ್ತು ಜನರಿಗೆ ಊಟ ಹಾಕುತ್ತೇನೆಂದು ಒಪ್ಪಿಬಿಡುತ್ತಾಳೆ. ಕೈಯಲ್ಲಿ ಕಾಸಿಲ್ಲ, ಅಡುಗೆಮನೆಯಲ್ಲಿ ಸಾಮಾನಿಲ್ಲ. ಏನು ಮಾಡುತ್ತಾಳೆ? ದಾರಿಯಲ್ಲಿ ಸಿಕ್ಕ ನೆರೆಹೊರೆಯ ಹೆಂಗಸರನ್ನು ನಿಲ್ಲಿಸಿ, ಅವರು ಆಗ ತಾನೇ ಕೊಂಡು ತಂದ ಮಾಂಸ, ಸಿಹಿತಿಂಡಿ ಸಾಲ ಕೇಳುತ್ತಾಳೆ. ‘ಆಮೇಲೆ ಕೊಡ್ತೀನಿ ಕಣೇ’ ಎನ್ನುತ್ತಾಳೆ. ಅವರೂ ಕೊಡುತ್ತಾರೆ. ಊಟ ಗೆಲ್ಲುತ್ತದೆ.

ಮಾರ್ಕೆಟ್ಟು ಎಂದರೆ ಆ ಹೆಂಗಸರ ಕೈಚೀಲ. ಚೀಲ ತುಂಬಿಸಿಕೊಂಡು ಹೋಗುವವರು ಇರುವವರೆಗೆ ಮಾತ್ರ ನಮ್ಮಂಥವರು ಒಂದು ತುತ್ತು ರುಚಿ ನೋಡಲು ಅಲ್ಲಿ ಏನಾದರೂ ಉಳಿದಿರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬೊಕೇರಿಯದ ನೆಲ ತುಳಿಯುವ ಯೋಗ ಬಂದರೆ ವಾರದ ನಡುವಿನ ದಿನ ಬೆಳಿಗ್ಗೆ ಬೇಗ ಹೋಗಿ. ಒಳಮನೆಯವರೆಗೆ ನಡೆಯಿರಿ. ತಿಂದದ್ದಕ್ಕೆ ಕಾಸು ಕೊಡಿ, ಕಾಲು ಕಿಲೋ ಏನಾದರೂ ಕೊಳ್ಳಿ. ಫೋಟೋ ತೆಗೆಯುವ ಮುಂಚೆ ‘ತೆಗೀಲಾ ಅಕ್ಕಾ?’ ಎಂದು ಕಣ್ಣಲ್ಲೇ ಕೇಳಿ. ತಳ್ಳುಚೀಲದ ಅಜ್ಜಿ ಬಂದರೆ ದಯವಿಟ್ಟು ದಾರಿ ಬಿಡಿ. ಆ ಚಿತ್ರದ ನಿಜವಾದ ಹೀರೋಯಿನ್ ಅವಳೇ!